ಹೊನ್ನಮ್ಮನ ಗಡಿಯಾರವೂ ನನ್ನ ಸ್ಪ್ಯಾನಿಷ್ ಪಾಠವೂ

ಬೈಸಿಕೊಂಡಾಗ ಬರುವ ನಾಚಿಕೆಯನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಅದು ಬಂದಷ್ಟೇ ಬೇಗ ಹೋಗುತ್ತದೆ. ರಾತ್ರಿ ಮುದ್ದೆ ಮುರಿಯುವ ಹೊತ್ತಿಗೆ ಬೈದವರ ಮೇಲೆ ನಮಗೇ ಸಿಟ್ಟು ಬಂದು, ತಪ್ಪು ಅವರದೇ ಅನ್ನಿಸಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವಷ್ಟು ಸಮಾಧಾನವಾಗಿರುತ್ತದೆ. ಆದರೆ ಹೊಗಳಿಸಿಕೊಂಡಾಗ ಬರುವ ನಾಚಿಕೆ ಇದೆಯಲ್ಲ, ಅದು ಬಹಳ ಕೆಟ್ಟದ್ದು. ಎದುರಿಗೆ ನಿಂತವರು ಕೈ ಮುಗಿಯುತ್ತಿರುತ್ತಾರೆ, ನಾವು ಒಳಗೊಳಗೇ ಕುಗ್ಗುತ್ತಿರುತ್ತೇವೆ, ‘ಅಯ್ಯೋ ನಿಲ್ಲಿಸಿ’ ಎಂದರೆ ‘ಎಂಥ ವಿನಯ ನೋಡಿ’ ಎಂದು ಇನ್ನೊಂದು ಹಿಡಿ ಹೆಚ್ಚಿಗೆ ಹೊಗಳುತ್ತಾರೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಾನು ಎರಡನ್ನೂ ಸಾಕಷ್ಟು ಅನುಭವಿಸಿದ್ದೇನೆ. ಆದರೆ ರಾಮನಗರದ ಹತ್ತಿರ ಕೈಲಾಂಚದ ಕಡೆಯ ಒಂದು ಹಳ್ಳಿಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಗಂಟೆ ಹೇಳುವುದನ್ನು ಕಲಿಸಿದಾಗ ಆದಷ್ಟು ನಾಚಿಕೆ ನನಗೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ನೀವು ಸರಿಯಾಗಿಯೇ ಓದಿದಿರಿ, ಸ್ಪ್ಯಾನಿಷ್. ಕನ್ನಡದಲ್ಲೇ ಮಗ್ಗಿ ಬಾರದ ಮಕ್ಕಳಿಗೆ ಅದನ್ನೇಕೆ ಕಲಿಸಿದೆ ಎಂದು ನೀವು ಕೇಳುವುದು ನ್ಯಾಯವೇ. ಇದರ ಬೇರು ನನ್ನ ಹೆಣ್ಣು ನೋಡುವ ಶಾಸ್ತ್ರದಲ್ಲಿದೆ. ಕುದೂರಿನಲ್ಲಿ ನಮ್ಮ ಮಾವನವರ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೆ. ನನಗಿಂತ ಒಂದು ವಾರ ಮೊದಲು ಅದೇ ಜಾಗದಲ್ಲಿ, ಬಹುಶಃ ಅದೇ ತಟ್ಟೆ ಹಿಡಿದು, ಪೋಸ್ಟಾಫೀಸಿನ ಗುಮಾಸ್ತನೊಬ್ಬ ಕೂತು ಹೋಗಿದ್ದನಂತೆ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತಂತೆ. ಮಾವನವರು ಆ ಸಂಗತಿಯನ್ನು ಸಾವಕಾಶವಾಗಿ ನನಗೆ ತಿಳಿಸಿ, “ತಮಗೆ ಎಷ್ಟು ಭಾಸೆ ಬತ್ತದೆ?” ಎಂದು ಕೇಳಿದರು. ಬಾಗಿಲ ಹಿಂದೆ ಬಳೆ ಸದ್ದಾಯಿತು. “ಕನ್ನಡ, ಇಂಗ್ಲಿಷು, ಹಿಂದಿ, ಒಸಿ ಸ್ಪ್ಯಾನಿಷು” ಎಂದುಬಿಟ್ಟೆ. ಟ್ರೈನಿಂಗ್ ಓದುವಾಗ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ, ಇಷ್ಟು ದಿನದಲ್ಲಿ ಸ್ಪ್ಯಾನಿಷ್ ಕಲಿಯಿರಿ ಎಂಬ ಜಾತಿಯ ಒಂದು ಪುಸ್ತಕವನ್ನು ಕೊಂಡಿದ್ದೆ. ಅದರ ಮುಂದಿನ ಅರ್ಧ ಇರಲಿಲ್ಲ, ಹಿಂದಿನ ಅರ್ಧದಲ್ಲಿ ಮುಕ್ಕಾಲು ಪಾಲನ್ನು ಗೆದ್ದಲು ತಿಂದಿತ್ತು. ಅಂತೂ ಮದುವೆಯಾಯಿತು. ಸಂಸಾರ ಸಾಗಿದಂತೆ ನನ್ನ ಬಗ್ಗೆ ನಂಬಿದ್ದ ಎಷ್ಟೋ ವಿಷಯಗಳನ್ನು ನನ್ನ ಹೆಂಡತಿ ಸರೋಜ ಒಂದೊಂದಾಗಿ ಕೈಬಿಟ್ಟಳು. ಸ್ಪ್ಯಾನಿಷ್ ಒಂದನ್ನು ಮಾತ್ರ ಬಿಡಲಿಲ್ಲ, ಏಕೆಂದರೆ ಅದನ್ನು ಪರೀಕ್ಷೆ ಮಾಡುವ ದಾರಿ ಅವಳಿಗಿರಲಿಲ್ಲ.

ಅವು ರೇಷ್ಮೆಗೆ ಶುಕ್ರದೆಸೆ ತಿರುಗಿದ್ದ ವರ್ಷಗಳು. ರಾಗಿ ಹೊಲಗಳೆಲ್ಲ ರೇಷ್ಮೆಸೊಪ್ಪಿನ ತೋಟಗಳಾಗಿದ್ದವು. ಊರಿನಲ್ಲಿ ಹೆಂಚು ಇಳಿದು ತಾರಸಿ ಏರುತ್ತಿತ್ತು. ದನದ ಕೊಟ್ಟಿಗೆಗೆ ಸುಣ್ಣ ಹೊಡೆದು ಹುಳದ ಮನೆ ಮಾಡಿ, ದನಗಳನ್ನು ಹುಣಿಸೆಮರದ ಕೆಳಗೆ ಕಟ್ಟುತ್ತಿದ್ದರು. ಹುಳ ಮನೆಯಲ್ಲಿದ್ದಷ್ಟು ದಿನ ಮನೆಯವರು ಜಗುಲಿಯಲ್ಲಿ ಮಲಗುವರು, ಮದುವೆ ಮುಂದಕ್ಕೆ ಹೋಗುವುದು, ನೆಂಟರು ಬಂದರೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸುವರು. ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದವರು ಬರುವಾಗ ಏನಾದರೊಂದು ಹೊತ್ತು ತರುವುದು ವಾಡಿಕೆಯಾಗಿತ್ತು. ಒಂದು ವರ್ಷ ಎಲ್ಲರೂ ರೇಡಿಯೋ ತಂದರು, ಮರುವರ್ಷ ಎಲ್ಲರೂ ಗೋಡೆ ಗಡಿಯಾರ ತಂದರು. ಇದಕ್ಕೆ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರೇ ಕಾರಣ. ಆತ ಮೋಟಾರ್‌ಸೈಕಲ್ಲಿನಲ್ಲಿ ಊರೂರು ಸುತ್ತಿ, “ಅಂದಾಜಿನ ಮೇಲೆ ಸೊಪ್ಪು ಹಾಕೋ ಕಾಲ ಹೋಯ್ತು, ಗಡಿಯಾರ ನೋಡ್ಕೊಂಡು ಹಾಕಿ” ಎಂದು ಸಾರಿದ್ದ. ಗಡಿಯಾರಗಳೇನೋ ಬಂದವು. ನೋಡಲು ಬರುವವರು ಬೇಕಲ್ಲ. ಹುಳ ಮೇಯಿಸುವುದು ಹೆಂಗಸರು, ಅದರಲ್ಲೂ ಅಜ್ಜಿಯರು. ಅವರು ಬಿಸಿಲು ನೋಡಿ ಹೊತ್ತು ಹೇಳುವವರು. ಹಾಗಾಗಿ ಗಡಿಯಾರ ಓದುವ ಕೆಲಸ ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬಂತು.

ಹೀಗಿರುವಾಗ ಒಂದು ದಿನ ಹೆಡ್‌ಮೇಷ್ಟ್ರು ನನ್ನನ್ನು ಕರೆಸಿದರು. ದಕ್ಷಿಣ ಅಮೆರಿಕದ ಕಡೆಯಿಂದ ಕೆಲವರು ರೇಷ್ಮೆ ಕಲಿಯಲು ಮೈಸೂರಿಗೆ ಬಂದಿದ್ದಾರಂತೆ, ಅವರನ್ನು ಡೆಮಾನ್‌ಸ್ಟ್ರೇಟರು ನಮ್ಮ ಊರಿಗೆ ಕರೆತರುತ್ತಾನಂತೆ, ಹುಳ ಮೇಯಿಸುವುದರಲ್ಲಿ ಹೆಸರಾದ ಅಜ್ಜಿ ಹೊನ್ನಮ್ಮನ ಹುಳದ ಮನೆಯನ್ನು ತೋರಿಸುತ್ತಾನಂತೆ. ಶಾಲೆಯ ಮಕ್ಕಳು ಅವರದೇ ಭಾಷೆಯಲ್ಲಿ ಏನಾದರೂ ಹೇಳಿ ಸ್ವಾಗತಿಸಿದರೆ ನಮ್ಮ ಶಾಲೆಯ ಹೆಸರು ಎಲ್ಲಿಗೋ ಹೋಗುತ್ತದೆ ಎಂದು ಹೆಡ್‌ಮೇಷ್ಟ್ರ ಆಸೆ. “ಏನ್ರೀ ಮೇಷ್ಟ್ರೆ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದೀರಲ್ಲ. ಅವರು ಆಡೋದು ಸ್ಪ್ಯಾನಿಷ್ ಅಂತೆ. ನಿಮಗೆ ಬರುತ್ತೆ ಅಂತ ನಿಮ್ಮ ಮನೆಯವರು ನಮ್ಮ ಮನೆಯವಳ ಹತ್ತಿರ ಹೇಳಿದ್ದಾರೆ” ಎಂದರು. ಆಗಲೇ ‘ಬರುವುದಿಲ್ಲ ಸಾರ್’ ಎಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಅದು ಹೆಡ್‌ಮೇಷ್ಟ್ರಿಂದ ಅವರ ಮನೆಗೆ, ಅಲ್ಲಿಂದ ನಮ್ಮ ಮನೆಗೆ, ನಮ್ಮ ಮನೆಯಿಂದ ಕುದೂರಿಗೆ ಹೋಗುವ ದಾರಿ ನನ್ನ ಕಣ್ಣಿಗೆ ಕಟ್ಟಿತು. “ಒಸಿ ಬರುತ್ತೆ ಸಾರ್” ಎಂದೆ.

ಮನೆಗೆ ಹೋಗಿ ಟ್ರಂಕಿನ ತಳದಿಂದ ಆ ಪುಸ್ತಕವನ್ನು ತೆಗೆದೆ. ಗೆದ್ದಲು ಬಿಟ್ಟುಕೊಟ್ಟಿದ್ದು ಎರಡೇ ಪಾಠ. ಒಂದು, ಅಂಗಡಿಯಲ್ಲಿ ಹ್ಯಾಟು ಕೊಳ್ಳುವುದು ಹೇಗೆ ಎಂಬುದು. ಇನ್ನೊಂದು, ಗಂಟೆ ಎಷ್ಟು ಎಂಬುದು. ನಮ್ಮ ಮಕ್ಕಳು ವಿದೇಶಿ ಅತಿಥಿಗಳ ಎದುರು ನಿಂತು ‘ಈ ಹ್ಯಾಟು ದುಬಾರಿಯಾಯಿತು’ ಎನ್ನುವುದು ಸರಿಯಲ್ಲವೆಂದು ಗಂಟೆಯನ್ನೇ ಆರಿಸಿಕೊಂಡೆ. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟನ್ನು ದುಂಡಗೆ ಕತ್ತರಿಸಿ, ಅಂಕಿ ಬರೆದು, ಹಳೇ ಕ್ಯಾಲೆಂಡರಿನ ತಗಡಿನ ಪಟ್ಟಿಯಲ್ಲಿ ಎರಡು ಮುಳ್ಳು ಮಾಡಿ, ನಡುವೆ ಚಪ್ಪಲಿ ಮೊಳೆ ಹೊಡೆದೆ. ದೊಡ್ಡ ಮುಳ್ಳು ಸಲೀಸಾಗಿ ತಿರುಗುತ್ತಿತ್ತು. ಚಿಕ್ಕದು ಬಿಗಿಯಾಗಿತ್ತು, ಅದನ್ನು ಬೆರಳಿನಿಂದ ಒತ್ತಿ ಒಂದು ಅಂಕಿಯ ಮೇಲೆ ಕೂರಿಸಿದರೆ ಅಲ್ಲೇ ಭದ್ರವಾಗಿ ಕೂರುತ್ತಿತ್ತು. ‘ಚಿಕ್ಕ ಮುಳ್ಳು ಯಾವ ಅಂಕಿಯ ಮೇಲೆ ಕೂತಿದೆಯೋ ಅದೇ ಗಂಟೆ. ದೊಡ್ಡ ಮುಳ್ಳು ನಿಮಿಷ.’ ಇದು ನಾನು ಹೇಳಿಕೊಟ್ಟ ಸೂತ್ರ. ಎಷ್ಟು ಸರಳವಾಗಿ ಹೇಳಿಕೊಟ್ಟೆ ಎಂದು ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು.

ಮಕ್ಕಳು ಅದನ್ನು ಹಿಡಿದುಕೊಂಡ ಬಗೆ ನೋಡಬೇಕಿತ್ತು. ಪದ್ಯ ಬಾಯಿಪಾಠ ಮಾಡಿ ಎಂದರೆ ಹೊಟ್ಟೆನೋವು ಎನ್ನುವ ಐಕ್ಳು “ಸೋನ್ ಲಾಸ್ ತ್ರೇಸ್” ಎಂದು ಕುಣಿಯುತ್ತಾ ಮೂರು ಗಂಟೆ ಹೇಳಿದವು. “ಸೋನ್ ಲಾಸ್ ಕ್ವಾತ್ರೋ ಈ ದಿಯೆಸ್” ಎಂದು ನಾಲ್ಕೂ ಹತ್ತು ಹೇಳಿದವು. ಎಲ್ಲರಿಗಿಂತ ಚುರುಕು ಹೊನ್ನಮ್ಮನ ಮೊಮ್ಮಗಳು ಮಂಜುಳ. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ, ಆ ಸಂದಿಯಲ್ಲಿ ಸ್ಪ್ಯಾನಿಷ್ ಎಷ್ಟು ಚೆನ್ನಾಗಿ ಹೊರಳುತ್ತಿತ್ತೆಂದರೆ ನನಗೇ ಅನುಮಾನ ಬಂದಾಗ ಅವಳು ಹೇಳಿದ್ದನ್ನೇ ಸರಿ ಎಂದಿಟ್ಟುಕೊಳ್ಳುತ್ತಿದ್ದೆ. ಊರಿನಲ್ಲಿ ಯಾರು ಹೊತ್ತು ಕೇಳಿದರೂ ಮಕ್ಕಳು ಮೊದಲು ಸ್ಪ್ಯಾನಿಷ್‌ನಲ್ಲಿ ಹೇಳಿ, ಬೈಸಿಕೊಂಡು, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದವು. ಹೊನ್ನಮ್ಮ ಮಾತ್ರ, “ಉಳ ಇರೋ ಮನೇಲಿ ಲಾಸು ಗೀಸು ಅನ್ಬ್ಯಾಡ ಕಣೇ, ಕನ್ನಡದಾಗೇ ಏಳು” ಎಂದು ಮೊಮ್ಮಗಳಿಗೆ ತಾಕೀತು ಮಾಡಿದ್ದಳಂತೆ.

ಹೊನ್ನಮ್ಮನ ಹುಳದ ಮನೆ ಎಂದರೆ ಸುತ್ತಲ ಹಳ್ಳಿಗೆಲ್ಲ ಮಾದರಿ. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬೆರಳುದ್ದ ಬೆಳೆದು ಸೊಪ್ಪನ್ನು ಮುಕ್ಕುವ ದಿನಗಳಿಗೇ ಸರಿಯಾಗಿ ಅತಿಥಿಗಳು ಬರುವವರಿದ್ದರು. ಆ ದಿನಗಳಲ್ಲಿ ಸೊಪ್ಪು ಹಾಕಿದ ಮೇಲೆ ಹುಳದ ಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಜಡಿಮಳೆ ಹಿಡಿದ ಸದ್ದು ಕೇಳಿಸುತ್ತದೆ. ಅಷ್ಟೂ ಬರೀ ಹುಳ ಮೇಯುವ ಸದ್ದು. ಅದನ್ನು ಅತಿಥಿಗಳಿಗೆ ಕೇಳಿಸಬೇಕೆಂದು ಡೆಮಾನ್‌ಸ್ಟ್ರೇಟರಿಗೆ ಹಟ. “ನಾಲ್ಕು ಗಂಟೆಗೆ ಬರ್ತೀವಿ. ಮೂರೂ ಮುಕ್ಕಾಲಿಗೆ ಕರೆಕ್ಟಾಗಿ ಸೊಪ್ಪು ಹಾಕ್ಬೇಕು, ಮೊದ್ಲೂ ಬೇಡ, ಲೇಟೂ ಬೇಡ. ಅಂದಾಜು ಮಾಡ್ಬೇಡಿ, ಗಡಿಯಾರ ನೋಡಿ ಹಾಕಿ” ಎಂದು ಹೊನ್ನಮ್ಮನಿಗೆ ಹೇಳಿ ಹೋಗಿದ್ದ. ಹೊರಗಿನವರನ್ನು ಹುಳದ ಮನೆಗೆ ಬಿಟ್ಟುಕೊಳ್ಳುವ ಪದ್ಧತಿ ಅವಳಿಗಿರಲಿಲ್ಲ. ಸರ್ಕಾರದ ಮಾತೆಂದು, ಕಾಲು ತೊಳೆದು ಹೊಸ್ತಿಲ ಆಚೆ ನಿಂತು ನೋಡಬೇಕು ಎಂಬ ಕರಾರಿನ ಮೇಲೆ ಒಪ್ಪಿದ್ದಳು.

ಆ ದಿನ ಮಧ್ಯಾಹ್ನ ಮಕ್ಕಳು ತಲೆ ಬಾಚಿಸಿಕೊಂಡು ಬರಲೆಂದು ರಜ ಕೊಟ್ಟಿದ್ದೆವು. ನಾಲ್ಕರ ಹೊತ್ತಿಗೆ ಹೊನ್ನಮ್ಮನ ಮನೆ ಮುಂದೆ ಸಾಲು ನಿಲ್ಲಿಸಿದೆವು. ನಾಲ್ಕೂ ಹತ್ತಕ್ಕೆ ಜೀಪು ಬಂತು. ಇಬ್ಬರು ಗಂಡಸರು, ಒಬ್ಬ ಎತ್ತರದ ಹೆಂಗಸು, ಜೊತೆಗೆ ಇಂಗ್ಲಿಷಿಗೆ ತಿರುಗಿಸಿ ಹೇಳುವ ಒಬ್ಬ ಹುಡುಗ. ನಾನು ರಟ್ಟಿನ ಗಡಿಯಾರದಲ್ಲಿ ಚಿಕ್ಕ ಮುಳ್ಳನ್ನು ನಾಲ್ಕರ ಮೇಲೂ ದೊಡ್ಡದನ್ನು ಎರಡರ ಮೇಲೂ ಇಟ್ಟು ಎತ್ತಿ ಹಿಡಿದೆ. ಮಂಜುಳ ಮುಂದೆ ಬಂದು, ಕೈ ಕಟ್ಟಿ, “ಸೋನ್ ಲಾಸ್ ಕ್ವಾತ್ರೋ ಈ ದಿಯೆಸ್” ಎಂದಳು. ಆ ಹೆಂಗಸು ತನ್ನ ಕೈಗಡಿಯಾರ ನೋಡಿಕೊಂಡಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ ಮಂಜುಳನನ್ನು ಎತ್ತಿಕೊಂಡೇಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮೇಷ್ಟ್ರು ನನ್ನನ್ನು ಮುಂದಕ್ಕೆ ತಳ್ಳಿದರು. ಆ ಹೆಂಗಸು ನನ್ನ ಕೈ ಹಿಡಿದು ಪಟಪಟನೆ ಏನೋ ಕೇಳಿದಳು. ಹೆಸರು ಕೇಳಿದಳೋ, ಎಲ್ಲಿ ಕಲಿತೆ ಎಂದಳೋ, ಆ ದೇವರೇ ಬಲ್ಲ. ನಾನು ಕೈಗಡಿಯಾರ ನೋಡಿ ಗಂಟೆ ಹೇಳಿದೆ. ಅವಳು ನಕ್ಕು ಇನ್ನೂ ಉದ್ದನೆಯ ಪ್ರಶ್ನೆ ಕೇಳಿದಳು. ಅಷ್ಟರಲ್ಲಿ ಒಂದು ನಿಮಿಷ ಹೆಚ್ಚಾಗಿತ್ತು, ಅದನ್ನು ಹೇಳಿದೆ. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರಂತೆ. ಸರೋಜ ಹೆಂಗಸರ ಗುಂಪಿನಲ್ಲಿ ನಿಂತು ಸೆರಗು ಸರಿಮಾಡಿಕೊಂಡು ಅಕ್ಕಪಕ್ಕದವರ ಮುಖ ನೋಡುತ್ತಿದ್ದಳು. ನನಗೆ ಆ ಜೀಪಿನ ಅಡಿಗೆ ಹೋಗಿ ಮಲಗಿಬಿಡೋಣ ಅನ್ನಿಸಿತು.

ಮಲಗಿದ್ದರೇ ಒಳ್ಳೆಯದಿತ್ತು. ಅತಿಥಿಗಳು ಕಾಲು ತೊಳೆದು ಹುಳದ ಮನೆಯ ಹೊಸ್ತಿಲ ಆಚೆ ಸಾಲಾಗಿ ನಿಂತರು. ಡೆಮಾನ್‌ಸ್ಟ್ರೇಟರು ಕಿವಿಯ ಹತ್ತಿರ ಕೈ ಇಟ್ಟು ‘ಕೇಳಿ’ ಎಂದು ಸನ್ನೆ ಮಾಡಿದ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಒಳಗೆ ಒಂದು ಚೂರು ಸದ್ದಿಲ್ಲ. ತಟ್ಟೆಗಳಲ್ಲಿ ಸೊಪ್ಪಿನ ದಂಟು ಮಾತ್ರ ಉಳಿದಿತ್ತು. ಹುಳಗಳು ಹೊಟ್ಟೆ ತುಂಬಿಸಿಕೊಂಡು ತಲೆ ಎತ್ತಿ ಸುಮ್ಮನೆ ಬಿದ್ದಿದ್ದವು, ಭಾಷಣ ಕೇಳುವ ಅಧ್ಯಕ್ಷರ ಹಾಗೆ. ಇನ್ನೊಂದು ಸಲ ಹಾಕೋಣವೆಂದರೆ ಸಂಜೆಯ ಸೊಪ್ಪನ್ನು ಇನ್ನೂ ತೋಟದಿಂದ ಬಿಡಿಸಿಯೇ ಇರಲಿಲ್ಲ. ಅತಿಥಿಗಳಲ್ಲಿ ಒಬ್ಬರು ಬಹಳ ಮೆಲ್ಲಗೆ ಏನೋ ಕೇಳಿದರು. ಇಂಗ್ಲಿಷಿಗೆ ತಿರುಗಿಸುವ ಹುಡುಗ ಅದನ್ನು ತಿರುಗಿಸಿದ, ಡೆಮಾನ್‌ಸ್ಟ್ರೇಟರು ಮುಖ ಕೆಂಪಗೆ ಮಾಡಿಕೊಂಡು ಕನ್ನಡದಲ್ಲಿ ಹೊನ್ನಮ್ಮನನ್ನು ಕೇಳಿದ, “ಹುಳಕ್ಕೆ ಕಾಯಿಲೆಯಾ ಅಂತ ಕೇಳ್ತಾ ಇದಾರೆ.”

ಹುಳ ಇರುವ ಮನೆಯ ಹೊಸ್ತಿಲಲ್ಲಿ ನಿಂತು ಆ ಮಾತನ್ನು ಆಡಬಾರದು. ನಮ್ಮ ಕಡೆ ಚಿಕ್ಕ ಮಗುವಿಗೂ ಗೊತ್ತು. ಹೊನ್ನಮ್ಮ ಹೊಸ್ತಿಲಿಗೆ ಅಡ್ಡ ಬಂದು ನಿಂತಳು. “ಏನ್ ಮಾಡಿದ್ರಿ, ಎಷ್ಟೊತ್ತಿಗೆ ಹಾಕಿದ್ರಿ ಸೊಪ್ಪು?” ಎಂದು ಡೆಮಾನ್‌ಸ್ಟ್ರೇಟರು ಕೇಳಿದ್ದಕ್ಕೆ, “ಮೂರೂ ಐವತ್ತಕ್ಕೆ ಕನಪ್ಪ. ಐದು ನಿಮ್ಸ ತಡ ಆಗೋಯ್ತು ಅಂತ ಓಡೋಡಿ ಆಕಿದ್ದೀನಿ. ಮಗೀನ ಕೇಳು” ಎಂದಳು. “ಮೂರೂ ಐವತ್ತಕ್ಕೆ ಹಾಕಿದ್ರೆ ಇಷ್ಟು ಬೇಗ ಹೆಂಗೆ ಖಾಲಿ ಆಗುತ್ತೆ?” ಎಂದು ಅವನು ಪಡಸಾಲೆಯ ಗೋಡೆ ಗಡಿಯಾರ ನೋಡಿದ, ತನ್ನ ಕೈಗಡಿಯಾರ ನೋಡಿದ. ಎರಡೂ ಒಂದೇ ಹೇಳುತ್ತಿದ್ದವು. “ಎರಡೂ ಐವತ್ತಕ್ಕೆ ಹಾಕ್ಬಿಟ್ಟಿದ್ದೀರಿ. ಮಗು ತಪ್ಪು ಓದಿದೆ” ಎಂದ. ಎಲ್ಲರ ಕಣ್ಣೂ ಮಂಜುಳನ ಮೇಲೆ ಬಿತ್ತು. ಐದು ನಿಮಿಷದ ಹಿಂದೆ ಚಪ್ಪಾಳೆ ಹೊಡೆಸಿಕೊಂಡ ಮಗು. ಅವಳು ಗಡಿಯಾರ ನೋಡಿದಳು, ನನ್ನ ಕೈಯಲ್ಲಿದ್ದ ರಟ್ಟನ್ನು ನೋಡಿದಳು.

ನನಗೆ ಅಲ್ಲೇ ಅರ್ಥವಾಯಿತು. ಎರಡೂ ಐವತ್ತಾದಾಗ ನಿಜವಾದ ಗಡಿಯಾರದಲ್ಲಿ ಚಿಕ್ಕ ಮುಳ್ಳು ಎಲ್ಲಿರುತ್ತದೆ? ಎರಡರ ಮೇಲಿರುವುದಿಲ್ಲ. ನಡೆಯುತ್ತಾ ನಡೆಯುತ್ತಾ ಮೂರರ ಹತ್ತಿರಕ್ಕೆ ಬಂದು ಕೂತಿರುತ್ತದೆ. ನನ್ನ ರಟ್ಟಿನ ಗಡಿಯಾರದಲ್ಲಿ ಅದು ನಡೆಯುತ್ತಲೇ ಇರಲಿಲ್ಲ, ಬಿಗಿಯಾಗಿ ಎರಡರ ಮೇಲೆ ಕೂತಿರುತ್ತಿತ್ತು. ಯಾವ ಅಂಕಿಯ ಮೇಲೆ ಕೂತಿದೆಯೋ ಅದೇ ಗಂಟೆ ಎಂದು ಹೇಳಿಕೊಟ್ಟವನು ನಾನು. ಮಗು ನಾನು ಹೇಳಿಕೊಟ್ಟಂತೆ ಮೂರೂ ಐವತ್ತು ಎಂದಿತ್ತು. ಅರ್ಧ ಗಂಟೆ ದಾಟಿದ ಮೇಲೆ ನನ್ನ ಎರಡನೇ ಕ್ಲಾಸು ಪೂರ್ತಿ ಒಂದು ಗಂಟೆ ಮುಂದಿತ್ತು. ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿ ಬಿಡಲಿಲ್ಲ. ಅತಿಥಿಗಳ ಎದುರು ಬೇಡ, ಹೆಡ್‌ಮೇಷ್ಟ್ರ ಎದುರು ಬೇಡ, ನಾಳೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಹೇಡಿಗಳಿಗೆಲ್ಲ ನಾಳೆ ಎಂದರೆ ಬಹಳ ಇಷ್ಟ.

ಮಾರನೆಯ ದಿನ ಮಂಜುಳ ಶಾಲೆಗೆ ಬರಲಿಲ್ಲ. ಪಕ್ಕದ ಹುಡುಗಿಯನ್ನು ಕೇಳಿದರೆ, “ಅವ್ಳ ಇಸ್ಕೂಲ್ ಬುಡಿಸ್ಬುಟ್ರು ಸಾ. ಸೊಪ್ಪು ಬುಡ್ಸಕೆ ಓಗವ್ಳೆ” ಎಂದಳು. ರೇಷ್ಮೆಯ ಆ ಭರಾಟೆಯಲ್ಲಿ ಸೊಪ್ಪು ಬಿಡಿಸಲು ಎಷ್ಟು ಕೈ ಇದ್ದರೂ ಸಾಲದು. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಲು ಒಂದು ನೆಪ ಸಿಕ್ಕರೆ ಸಾಕಾಗಿತ್ತು, ಒಮ್ಮೆ ಬುಟ್ಟಿ ಹೊತ್ತ ಹುಡುಗಿ ಮತ್ತೆ ಸ್ಲೇಟು ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಆ ನೆಪವನ್ನು ಈಗ ನಾನೇ ರಟ್ಟಿನಲ್ಲಿ ಕತ್ತರಿಸಿ ಕೊಟ್ಟಿದ್ದೆ.

ಸಂಜೆ ಹೊನ್ನಮ್ಮನ ಮನೆಗೆ ಹೋದೆ. ಜಗುಲಿಯ ಮೇಲೆ ಚಾಪೆ ಹಾಸಿದಳು, ಕಾಫಿ ಕೊಟ್ಟಳು. “ಅಜ್ಜಿ, ತಪ್ಪು ಮಂಜುಳಂದಲ್ಲ. ನಂದು. ನಾನೇ ಗಡಿಯಾರ ಓದೋದನ್ನ ತಪ್ಪು ಹೇಳಿಕೊಟ್ಟಿದ್ದೆ” ಎಂದೆ. ಇಡೀ ದಿನ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು, ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದೆ. ಹೊನ್ನಮ್ಮ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು. ಒಳಗಿದ್ದ ಸೊಸೆಯನ್ನು ಕೂಗಿ ಕರೆದು, “ನೋಡವ್ವ, ಮೇಷ್ಟ್ರು ಅಂದ್ರೆ ಇಂಗಿರ್ಬೇಕು. ನಮ್ ಮಗಿ ಮಾಡಿದ್ ತಪ್ಪ ತಮ್ ತಲೆಮ್ಯಾಲೆ ಆಕ್ಕಂತವ್ರೆ” ಎಂದಳು. ನಾನು ಗಾಬರಿಯಾಗಿ, “ಇಲ್ಲ ಅಜ್ಜಿ, ನಿಜವಾಗಿಯೂ ನಂದೇ” ಎಂದೆ. “ಸುಮ್ಕಿರಿ ಬುದ್ಧಿ. ಸ್ಪ್ಯಾನೀಸು ಮಾತಾಡೋರಿಗೆ ಗಡಿಯಾರ ನೋಡಕ್ ಬರಾಕಿಲ್ವ? ದೊಡ್ಡವ್ರ ದೊಡ್ಡತನ ಕಾಣೋದೇ ಇಂತಾ ಕಡೆ” ಎಂದು ಕೈ ಮುಗಿದಳು. ಮಂಜುಳನ ವಿಷಯ ಎತ್ತಿದರೆ, “ಅದ್ಕೆ ಇದ್ಯೆ ಅತ್ತಕಿಲ್ಲ ಬುಡಿ. ನಿಮ್ಮಂತ ಮೇಷ್ಟ್ರು ಏಳ್ಕೊಟ್ರೂ ಕಲೀನಿಲ್ಲ ಅಂದ್ಮೇಲೆ ಇನ್ಯಾರು ಏಳ್ಕೊಟ್ರೆ ಕಲ್ತಾಳು?” ಎಂದಳು. ಬರುವಾಗ ಒಂದು ಕುಂಬಳಕಾಯಿಯನ್ನೂ ಕೊಟ್ಟಳು. ತಪ್ಪೊಪ್ಪಿಕೊಳ್ಳಲು ಹೋದವನು ಕುಂಬಳಕಾಯಿ ಹೊತ್ತುಕೊಂಡು ಊರ ಮಧ್ಯದಲ್ಲೇ ಹಾಯ್ದು ಮನೆಗೆ ಬಂದೆ.

ಸರೋಜಳಿಗೆ ಹೇಳಿದೆ. ಅವಳು ಕುಂಬಳಕಾಯಿ ಹೆಚ್ಚುತ್ತಾ, “ಊರೆಲ್ಲ ಒಳ್ಳೇವ್ರು ಅಂತಿರೋವಾಗ ನೀವೊಬ್ರೇ ಯಾಕ್ರೀ ಅಲ್ಲ ಅಂತೀರಿ” ಎಂದಳು. ಹೆಡ್‌ಮೇಷ್ಟ್ರಿಗೆ ಹೇಳಿದೆ. ಅವರು ನನ್ನ ಭುಜ ತಟ್ಟಿ, ಇಂಥ ತ್ಯಾಗ ಈಗಿನ ಕಾಲದಲ್ಲಿ ಅಪರೂಪ ಎಂದು ಬೆಳಿಗ್ಗೆಯ ಪ್ರಾರ್ಥನೆಯಲ್ಲಿ ಮಕ್ಕಳಿಗೆಲ್ಲ ಹೇಳಿಬಿಟ್ಟರು. ಮಕ್ಕಳು ನನ್ನನ್ನು ನೋಡಿದ ನೋಟವನ್ನು ತಡೆಯಲಾಗದೆ ನಾನು ಧ್ವಜದ ಕಂಬ ನೋಡುತ್ತಾ ನಿಂತೆ. ನಿಜ ಹೇಳುತ್ತೇನೆ, ಸುಳ್ಳು ಹೇಳಿ ನಂಬಿಸಿದ್ದೇನೆ, ಅದೇನೂ ಕಷ್ಟವಲ್ಲ. ನನ್ನ ತಪ್ಪನ್ನು ನನ್ನದೇ ಎಂದು ನಂಬಿಸಲು ಹೋಗಿ ಆ ಮೂರು ದಿನ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಕೊನೆಗೆ ಒಂದು ಉಪಾಯ ಹೊಳೆಯಿತು. ಮಂಜುಳ ಒಬ್ಬಳೇ ತಪ್ಪು ಓದಿದರೆ ಅದು ಅವಳ ತಪ್ಪು. ಇಡೀ ಕ್ಲಾಸೇ ಅದೇ ತಪ್ಪನ್ನು ಓದಿದರೆ ಅದು ಮೇಷ್ಟ್ರ ತಪ್ಪಲ್ಲದೆ ಇನ್ಯಾರದು? ಮಕ್ಕಳಿಗೆ ಸರಿಯಾಗಿ ಹೇಳಿಕೊಡಬೇಕೆಂದು ಆ ಬೆಳಿಗ್ಗೆಯೇ ಸೀಮೆಸುಣ್ಣ ಹಿಡಿದಿದ್ದವನು ಅದನ್ನು ಕೆಳಗಿಟ್ಟೆ. ಒಂದು ದಿನ ಹೆಚ್ಚಿಗೆ ತಪ್ಪಾಗಿಯೇ ಇರಲಿ ಎಂದು ಮನಸ್ಸು ಗಟ್ಟಿ ಮಾಡಿದೆ. ಮಕ್ಕಳು ಎಲ್ಲಿ ತಾವಾಗಿಯೇ ಸರಿಯಾಗಿ ಕಲಿತುಬಿಡುತ್ತಾರೋ ಎಂದು ಒಬ್ಬ ಮೇಷ್ಟ್ರು ಹೆದರಿದ್ದು ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು. ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಪರಿಸರ ಪಾಠ ಎಂದು ನೆಪ ಹೇಳಿ ಎಲ್ಲರನ್ನೂ ಸಾಲಾಗಿ ಹೊನ್ನಮ್ಮನ ಮನೆಗೆ ಕರೆದುಕೊಂಡು ಹೋದೆ. ಮಂಜುಳ ಆಗ ತಾನೇ ಸೊಪ್ಪಿನ ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. ಗೆಳತಿಯರನ್ನು ಕಂಡು ಮುಖ ಅರಳಿತು, ನನ್ನನ್ನು ಕಂಡು ಬಾಡಿತು.

“ಅಜ್ಜಿ, ಈಗ ಹೊತ್ತೆಷ್ಟಿರಬಹುದು, ಗಡಿಯಾರ ಬಿಟ್ಟು ಹೇಳಿ” ಎಂದೆ. ಹೊನ್ನಮ್ಮ ಅಂಗಳದ ಬಿಸಿಲನ್ನು ನೋಡಿ, “ಅನ್ನೊಂದಕ್ಕೆ ಒಸಿ ಕಮ್ಮಿ” ಎಂದಳು. ನಾನು ಪಡಸಾಲೆಯ ಗಡಿಯಾರ ತೋರಿಸಿ, “ಮಕ್ಕಳೇ, ಗಂಟೆ ಎಷ್ಟು?” ಎಂದೆ. ಅದು ಹತ್ತೂ ಐವತ್ತು ತೋರಿಸುತ್ತಿತ್ತು, ಚಿಕ್ಕ ಮುಳ್ಳು ಹನ್ನೊಂದಕ್ಕೆ ಅಂಟಿಕೊಂಡಂತೆ ನಿಂತಿತ್ತು. ನನ್ನ ಮಕ್ಕಳು ನನ್ನನ್ನು ಕೈಬಿಡಲಿಲ್ಲ. “ಸೋನ್ ಲಾಸ್ ಓನ್ಸೆ ಈ ಸಿಂಕ್ವೆಂತಾ” ಎಂದು ಒಟ್ಟಿಗೆ ಕೂಗಿದವು. “ಕನ್ನಡದಲ್ಲಿ?” ಎಂದೆ. “ಅನ್ನೊಂದೂ ಐವತ್ತು” ಎಂದವು. ಒಬ್ಬರೂ ಬೇರೆ ಹೇಳಲಿಲ್ಲ. “ಮಂಜುಳ, ನೀನೂ ಹೇಳು” ಎಂದೆ. ಅವಳು ಗಡಿಯಾರವನ್ನು ಬಹಳ ಹೊತ್ತು ನೋಡಿದಳು. ಅಜ್ಜಿಯ ಮುಖ ನೋಡಿದಳು. ಸಾಲಿನಲ್ಲಿದ್ದ ಗೆಳತಿಯರನ್ನು ನೋಡಿದಳು. ಆಮೇಲೆ ಎಲ್ಲರಿಗಿಂತ ಜೋರಾಗಿ, “ಅನ್ನೊಂದೂ ಐವತ್ತು” ಎಂದಳು.

ಹೊನ್ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. “ಎಲ್ಲಾ ಐಕ್ಳೂ ಒಂದೇ ತರ ಏಳ್ತಾವಲ್ಲ” ಎಂದಳು. ನಾನು ತಲೆ ತಗ್ಗಿಸಿ ಸಿದ್ಧನಾಗಿ ನಿಂತೆ. “ಈಗ್ಲಾದ್ರೂ ತಿಳೀತಾ ಅಜ್ಜಿ, ತಪ್ಪು ಯಾರ್ದು ಅಂತ” ಎಂದೆ. “ತಿಳೀತು ಕನಿ ಮೇಷ್ಟ್ರೆ” ಎಂದಳು. “ಗಡಿಯಾರನೇ ಸರಿ ಇಲ್ಲ.”

“ಅಜ್ಜಿ, ಗಡಿಯಾರ ಸರಿಯಾಗೇ ಇದೆ” ಎಂದೆ. “ಇಷ್ಟು ಐಕ್ಳು ಸುಳ್ಳು ಏಳ್ತಾವಾ? ನೀವು ಏಳ್ಕೊಟ್ ಐಕ್ಳು” ಎಂದಳು. “ರಾಮನಗ್ರದ ಆ ಅಂಗಡಿಯವ್ನು ಹಳೇ ಮಾಲು ಕಟ್ಬುಟ್ಟವ್ನೆ. ಸುಮ್ನೆ ನಮ್ ಮಗೀನ ಬೈದ್ಬುಟ್ಟೆ” ಎಂದು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದಳು. ಮಗನನ್ನು ಕೂಗಿ ಗಡಿಯಾರ ಇಳಿಸಿ ಗೋಣಿಚೀಲದಲ್ಲಿ ಸುತ್ತಿಡಲು ಹೇಳಿದಳು. ನಾನು ಇನ್ನೊಂದು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಹೊನ್ನಮ್ಮ, “ಓಗೇ, ಬ್ಯಾಗ್ ತಗಾ, ಮೇಷ್ಟ್ರ ಜೊತೆ ಓಗು” ಎಂದಳು. ಮಂಜುಳ ಒಳಕ್ಕೆ ಓಡಿದಳು. ತೆರೆದ ಬಾಯಿಯನ್ನು ನಾನು ಮೆಲ್ಲಗೆ ಮುಚ್ಚಿಕೊಂಡೆ. ಹುಡುಗಿ ಶಾಲೆಗೆ ಬರುತ್ತಿದ್ದಾಳೆ, ಗಡಿಯಾರಕ್ಕೇನು ಮಾನ ಮರ್ಯಾದೆಯೇ ಎಂದು ಸಮಾಧಾನ ಮಾಡಿಕೊಂಡೆ. ಆ ಸಲದ ಹುಳ ಒಳ್ಳೆಯ ಗೂಡನ್ನೇ ಕಟ್ಟಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊನ್ನಮ್ಮ ಅದಕ್ಕೂ ನನ್ನ ಒಳ್ಳೆಯತನವೇ ಕಾರಣ ಎಂದಳು.

ಶಾಲೆಗೆ ವಾಪಸು ಹೋಗುವ ದಾರಿಯಲ್ಲಿ ಮಕ್ಕಳು ಮುಂದೆ ಮುಂದೆ ಗದ್ದಲ ಮಾಡುತ್ತಾ ನಡೆದವು. ಮಂಜುಳ ಮಾತ್ರ ಹಿಂದುಳಿದು ನನ್ನ ಪಕ್ಕಕ್ಕೆ ಬಂದಳು. “ಸಾ, ಆ ಚಿಕ್ಕ ಮುಳ್ಳು ಒಂದೇ ಕಡೆ ಕೂತ್ಕಳಕಿಲ್ಲ ಅಲ್ವಾ ಸಾ” ಎಂದಳು. “ಒಸಿ ಒಸಿನೇ ನಡೀತಾ ಇರ್ತದೆ. ಅಜ್ಜಿ ಬೈದ್ ಮೇಲೆ ಗಡಿಯಾರದ್ ಮುಂದೇನೇ ಕುಂತ್ಕಂಡು ನೋಡ್ದೆ.” ಹಾಗಾದರೆ ಆಗ ಗಡಿಯಾರದಲ್ಲಿ ಹೊತ್ತೆಷ್ಟಾಗಿತ್ತು ಎಂದು ಕೇಳಿದೆ. “ಅತ್ತೂ ಐವತ್ತು ಸಾ” ಎಂದಳು. “ಅವ್ರೆಲ್ಲ ಏಳಿದ್ದು ಏಳುದ್ರೆ ಇಸ್ಕೂಲ್ಗೆ ಕಳಿಸ್ತಾರೆ ಅಂತ ಅಂಗಂದೆ.” ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, “ನಾನ್ ಯಾರ್ಗೂ ಏಳಕಿಲ್ಲ ಸಾ. ಏಳುದ್ರೆ ನಿಮ್ ಮರ್ವಾದೆ ಓಯ್ತದೆ” ಎಂದಳು.

ತಪ್ಪು ನನ್ನದೇ ಎಂದು ನಂಬುವ ಒಬ್ಬರಾದರೂ ಸಿಗಲಿ ಎಂದು ಮೂರು ದಿನದಿಂದ ಊರೆಲ್ಲ ಅಲೆದಿದ್ದೆ. ಕೊನೆಗೂ ಒಬ್ಬಳು ಸಿಕ್ಕಿದ್ದಳು. ನಾನು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳ ತಲೆ ಸವರಿ, “ಜಾಣೆ. ಯಾರಿಗೂ ಹೇಳಬೇಡ” ಎಂದೆ.